ವಿಚಾರಿಸಿಕೊಂಡವರು

ಬೆಳಗಿನಿಂದ ಯಾಮಿನಿಗೆ ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತಿತ್ತು. ನಂದಿಯಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸು ತನ್ನ ಹೂಕೋಸಿನ ಚೀಲವನ್ನು ಇವಳ ಮೊಣಕಾಲಿಗೆ ಒತ್ತಿ ಇಟ್ಟುಕೊಂಡು, ಯಾವ ಊರು, ಯಾರ ಮಗಳು, ಏನು ಕೆಲಸ ಎಂದೆಲ್ಲ ಕೇಳಿ ಮುಗಿಸಿ ಕೊನೆಗೆ ಮದುವೆ ಆಗಿದೆಯಾ ಎಂದಳು. ಆಗಿದೆ, ಇಬ್ಬರು ಮಕ್ಕಳು, ಎಂದುಬಿಟ್ಟಳು ಯಾಮಿನಿ. ಹೆಂಗಸಿನ ಕಣ್ಣು ಮೆಲ್ಲಗೆ ಕೆಳಗಿಳಿದು ಇವಳ ಚಪ್ಪಲಿಯ ಮೇಲೆ ನಿಂತಿತು, ಅಲ್ಲಿ ಕಾಲುಂಗುರ ಹುಡುಕಿತು, ಸಿಗದೆ ಮತ್ತೆ ಮೇಲೆದ್ದು ಕಿಟಕಿಯಾಚೆ ಹೋಯಿತು. ಯಾಮಿನಿ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡಳು. ಎಳೆದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಮೂವತ್ತು ದಾಟಿದ ತಾನು, ನಾಲ್ಕು ತಾಲ್ಲೂಕಿನ ಜನರ ರಕ್ತ ಮೂತ್ರದ ವರದಿಗಳನ್ನೆಲ್ಲ ಕಾಯುವ ತಾನು, ತರಕಾರಿ ಮಾರುವವಳೊಬ್ಬಳಿಗೆ ಸುಳ್ಳು ಹೇಳಿ ಸಿಕ್ಕಿಬೀಳಬೇಕೆ? ಆ ಹೆಂಗಸಿಗೆ ಗದರಿ ಹೇಳಬಹುದಾಗಿದ್ದ ಮಾತುಗಳೆಲ್ಲ ಬಸ್ಸು ಇಳಿದ ಮೇಲೆ, ಬಿ.ಬಿ. ರಸ್ತೆ ದಾಟುವಾಗ, ಒಂದೊಂದಾಗಿ ಬಾಯಿಗೆ ಬಂದವು.

ಲ್ಯಾಬಿನ ಕೆಳಗಿನ ಹಾಲಿನಲ್ಲಿ ಆಗಲೇ ಜನ ತುಂಬಿದ್ದರು. ಬರೀ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದು, ಕೊಟ್ಟ ಮೇಲೆ ತಿನ್ನಲು ತಿಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು. ಕೌಂಟರಿನಲ್ಲಿದ್ದ ತನುಜ ಎಂದಿನಂತೆ ನಕ್ಕಳು. ಮೇಲೂರಿನ ಹುಡುಗಿ, ಹೋದ ತಿಂಗಳು ಚಿಂತಾಮಣಿ ಕಡೆಯ ಒಂದು ಸಂಬಂಧ ಮಾತುಕತೆಯವರೆಗೂ ಬಂದು ನಿಂತುಹೋಗಿತ್ತು. ಜಾತಕ ಕೂಡಿಬರಲಿಲ್ಲವಂತೆ ಅಕ್ಕ ಎಂದು ಅವಳು ಹೇಳಿದ್ದಾಗ, ಹೋಗಲಿ ಬಿಡೇ, ಒಳ್ಳೆಯದೇ ಆಯಿತು ಎಂದು ಯಾಮಿನಿ ದೊಡ್ಡವಳಂತೆ ಸಮಾಧಾನ ಹೇಳಿದ್ದಳು. ಆಮೇಲೆ ಸ್ವಲ್ಪ ದಿನಕ್ಕೇ ಅದೇ ಮಾತು ತನ್ನ ಮನೆಗೂ ಬಂತು. ಮೊದಲೇ ಇಬ್ಬರು ಜೋಯಿಸರಿಗೆ ತೋರಿಸಿ, ಗಣಗಳೆಲ್ಲ ಕೂಡಿವೆ ಎಂದು ಬರೆಸಿಕೊಂಡ ಮೇಲೆ ಹೆಣ್ಣು ನೋಡಲು ಬಂದಿದ್ದ ಗೌರಿಬಿದನೂರಿನ ಜನ, ನೋಡಿ ಉಂಡು ಹೋದ ವಾರಕ್ಕೆ ಜಾತಕ ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ಅಪ್ಪ ಚೆನ್ನರಾಯಪ್ಪ ಆ ಮಾತು ಕೇಳಿ, ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯಬೇಕು ಎಂದು ಎದ್ದು ಹೋದರು. ಆವತ್ತು ತೋಟಕ್ಕೆ ಔಷಧಿ ಹೊಡೆಯುವ ಕೆಲಸವೇ ಇರಲಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಹಡಿಯ ಮೇಲಿನ ಅವಳ ಕೋಣೆಯಲ್ಲಿ ಹಿಂದೆ ಒಂದು ಸರ್ವರ್ ಇತ್ತು, ಆಯುಧಪೂಜೆಗೆ ಅದಕ್ಕೂ ಕುಂಕುಮ ಇಡುತ್ತಿದ್ದರು. ಈಗ ಇಲ್ಲ. ಡೇಟಾಬೇಸ್ ಎಲ್ಲ ಕ್ಲೌಡಿಗೆ ಹೋಗಿದೆ. ಅಂದರೆ ಯಾವುದೋ ದೊಡ್ಡ ಊರಿನ ಯಾರದೋ ಕಟ್ಟಡದಲ್ಲಿ ಬಾಡಿಗೆಗೆ ಇದೆ. ಮಾಲೀಕ ರಮೇಶ್‌ಬಾಬು ಬಂದವರಿಗೆಲ್ಲ ಬೆರಳನ್ನು ಸೂರಿನ ಕಡೆ ಎತ್ತಿ, ನಮ್ಮದೆಲ್ಲಾ ಮೇಲೈತೆ ಎಂದು ಹೇಳುತ್ತಾರೆ. ಆ ಡೇಟಾಬೇಸಿಗೆ ಕಾವಲು ಹಾಕೋಣ, ಥ್ರೆಟ್ ಡಿಟೆಕ್ಷನ್ ಅಂತ ಒಂದಿದೆ, ಯಾರಾದರೂ ಅಸಹಜವಾಗಿ ಒಳಗೆ ಬಂದು ಓದಿದರೆ ತಾನಾಗಿಯೇ ನಮಗೆ ತಿಳಿಸುತ್ತದೆ, ಆನ್ ಮಾಡೋಣ ಸಾರ್ ಎಂದು ಯಾಮಿನಿ ಬಹಳ ಕಾಲದಿಂದ ಅವರ ಬೆನ್ನು ಹತ್ತಿದ್ದಳು. ಜನರ ಸಕ್ಕರೆ ಕಾಯಿಲೆ ಕದ್ದು ಯಾರು ಏನು ಮಾಡ್ಕೊಂಡಾರು ಎಂದು ನಕ್ಕು ಕಳಿಸುತ್ತಿದ್ದರು. ಆಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದು ಈ ಲ್ಯಾಬಿನ ಜೊತೆ ಒಪ್ಪಂದ ಮಾಡಿಕೊಳ್ಳಲು ಬಂತು, ನಿಮ್ಮಲ್ಲಿ ಥ್ರೆಟ್ ಡಿಟೆಕ್ಷನ್ ಇದೆಯಾ ಎಂದು ಕೇಳಿತು. ಆಗ ಅದು ರಮೇಶ್‌ಬಾಬು ಅವರದೇ ಯೋಚನೆಯಾಯಿತು. ಎಚ್ಚರಿಕೆಗಳೆಲ್ಲ ನನ್ನ ಇ-ಮೇಲಿಗೂ ಬರಬೇಕು ಎಂದು ಬೇರೆ ಹೇಳಿದರು. ಪರದೆಯ ಮೇಲಿನ ಆ ಪುಟ್ಟ ಸ್ವಿಚ್ಚನ್ನು ಎಡದಿಂದ ಬಲಕ್ಕೆ ಸರಿಸಿದ ದಿನ ಯಾಮಿನಿಗೆ ನಿಜವಾಗಿ ಸಂತೋಷವಾಗಿತ್ತು. ಮೊದಲು ಕೆಲವು ವಾರ ಅದು ಸುಮ್ಮನೆ ನೋಡುತ್ತದೆ, ಯಾವುದು ಈ ಮನೆಯ ರೂಢಿ ಎಂದು ಕಲಿಯುತ್ತದೆ, ಕಲಿತ ಮೇಲೆ ರೂಢಿ ತಪ್ಪಿದ್ದನ್ನು ಹೇಳುತ್ತದೆ. ಅದು ಬಾಯಿ ಬಿಡುವುದನ್ನು ಅವಳು ಕಾಯುತ್ತಿದ್ದಳು.

ಇವತ್ತು ಕಂಪ್ಯೂಟರ್ ತೆರೆದಾಗ ಅದು ಬಾಯಿ ಬಿಟ್ಟಿತ್ತು. ಸುಮ್ಮನೆ ನೋಡುತ್ತಿದ್ದ ವಾರಗಳಲ್ಲಿ ಕಂಡದ್ದೂ ಸೇರಿ ಹಳದಿ ಗುರುತಿನ ಎಚ್ಚರಿಕೆಗಳು ಒಂದರ ಕೆಳಗೊಂದು ಬಂದು ಕೂತಿದ್ದವು. ಅವಳಿಗೆ ಮೊದಲು ಆದದ್ದು ಒಂದು ರೀತಿಯ ಹೆಮ್ಮೆ. ಯಾವ ದೇಶದ ಕಳ್ಳನೋ ಚಿಕ್ಕಬಳ್ಳಾಪುರದ ಬಾಗಿಲು ತಟ್ಟಿದ್ದಾನೆ, ನಾನು ಹೇಳಿರಲಿಲ್ಲವೇ ಎಂದು ರಮೇಶ್‌ಬಾಬು ಮುಂದೆ ನಿಲ್ಲಬಹುದು. ಬಿಡಿಸಿ ನೋಡಿದಳು. ಯಾವ ದೇಶವೂ ಇರಲಿಲ್ಲ, ಎಲ್ಲ ಲ್ಯಾಬಿನದೇ ಶಾಖೆಗಳು. ಗೌರಿಬಿದನೂರು ಕೇಂದ್ರದ ಲಾಗಿನ್, ಚಿಂತಾಮಣಿ ಕೇಂದ್ರದ ಲಾಗಿನ್, ಶಿಡ್ಲಘಟ್ಟ ಕೇಂದ್ರದ ಲಾಗಿನ್. ರಕ್ತ ತೆಗೆದ ಕೇಂದ್ರ ಒಂದು, ವರದಿ ತೆರೆದು ನೋಡಿದ ಕೇಂದ್ರ ಇನ್ನೊಂದು. ನೋಡಲು ಅವರಿಗೆ ಯಾವ ಕಾರಣವೂ ಇಲ್ಲ, ಅದೇ ಅಸಹಜ ಎಂದು ಯಂತ್ರ ಹೇಳುತ್ತಿತ್ತು. ತೆರೆದ ವರದಿಗಳು ಯಾರವು ಎಂದು ನೋಡಿದಳು. ಎಲ್ಲ ಹೆಂಗಸರ ಹೆಸರು. ಎಲ್ಲ ಮದುವೆಯ ವಯಸ್ಸಿನವರು. ಅದರಲ್ಲಿ ತನುಜಳ ಹೆಸರಿತ್ತು, ಅವಳ ಥೈರಾಯ್ಡ್ ವರದಿಯನ್ನು ಚಿಂತಾಮಣಿಯಲ್ಲಿ ಯಾರೋ ತೆರೆದಿದ್ದರು. ಅದರ ಕೆಳಗೆ ಯಾಮಿನಿ ಸಿ., ನಂದಿ, ಎಂದಿತ್ತು. ತೆರೆದದ್ದು ಗೌರಿಬಿದನೂರಿನ ಪಂಕಜ. ತೆರೆದದ್ದು ಆ ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ.

ಆ ಭಾನುವಾರ ಹೆಣ್ಣು ನೋಡಲು ಅವರು ಎರಡು ಕಾರಿನಲ್ಲಿ ಬಂದಿದ್ದರು. ಹುಡುಗ ಸುನೀಲ್‌ಕುಮಾರ್ ಗೌರಿಬಿದನೂರಿನಲ್ಲೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ. ಮಾತು ಕಡಿಮೆ, ನಗು ಒಳ್ಳೆಯದು. ಹಿತ್ತಿಲಲ್ಲಿ ಇಬ್ಬರೇ ಮಾತಾಡಿಕೊಳ್ಳಿ ಎಂದು ಕಳಿಸಿದಾಗ, ನಿಮ್ಮ ಕೆಲಸ ಏನು ಅಂತ ನನಗೆ ಅರ್ಥವಾಗಿಲ್ಲ, ಹೇಳಿ ಎಂದು ನಿಜವಾಗಿ ಕೇಳಿಸಿಕೊಂಡಿದ್ದ. ಮದುವೆ ಗಿದುವೆ ಬೇಡ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದ ಯಾಮಿನಿಗೆ ಆ ಹಿತ್ತಿಲಿನಲ್ಲಿ, ಸೀಬೆ ಗಿಡದ ಪಕ್ಕ, ಇವನು ಇನ್ನೊಂದು ಪ್ರಶ್ನೆ ಕೇಳಲಿ ಅನ್ನಿಸಿತ್ತು. ಅದೇ ಈಗ ಎಲ್ಲಕ್ಕಿಂತ ನಾಚಿಕೆಯ ವಿಷಯ. ಅವನು ಬೇಡ ಅಂದದ್ದಲ್ಲ, ತನಗೆ ಬೇಕು ಅನ್ನಿಸಿತ್ತಲ್ಲ, ಅದು. ಅವನ ಚಿಕ್ಕಮ್ಮ ಒಳಕೋಣೆಗೆ ಬಂದು ಇವಳ ಜಡೆಯನ್ನು ಕೈಯಲ್ಲಿ ಹಿಡಿದು, ನಿಜವಾದ್ದೇ, ಎಂದು ನಕ್ಕು, ತಿಂಗಳ ಮುಟ್ಟು ಸರಿಯಾಗಿ ಆಗುತ್ತಾ ಕೂಸೇ ಎಂದು ಪಿಸುಮಾತಿನಲ್ಲಿ ಕೇಳಿದ್ದಳು. ಆಗುತ್ತೆ ಎಂದಿದ್ದಳು ಯಾಮಿನಿ. ಆಗುತ್ತಿರಲಿಲ್ಲ. ಅದಕ್ಕೇ ಬೇಸಿಗೆಯಲ್ಲಿ ತನ್ನ ಲ್ಯಾಬಿನಲ್ಲೇ ಒಂದು ರಕ್ತಪರೀಕ್ಷೆ ಮಾಡಿಸಿದ್ದಳು, ಹೊಟ್ಟೆಯಲ್ಲಿ ಅಂಡಾಣುಗಳು ಎಷ್ಟು ಉಳಿದಿವೆ ಎಂದು ಅಂದಾಜು ಹೇಳುವ ಪರೀಕ್ಷೆ. ವಯಸ್ಸಿಗೆ ಇರಬೇಕಾದದ್ದಕ್ಕಿಂತ ಕಡಿಮೆ ಎಂದು ಬಂದಿತ್ತು. ಡಾಕ್ಟರು, ಇದರಿಂದ ಮಕ್ಕಳಾಗುವುದಿಲ್ಲ ಅಂತ ಅರ್ಥ ಅಲ್ಲ ಎಂದು ಎರಡು ಸಲ ಹೇಳಿದ್ದರು. ಅಮ್ಮ ಮುನಿಗಂಗಮ್ಮನಿಗೂ ಆ ವಿಷಯ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಮೊದಲು ತಾನೊಬ್ಬಳೇ ಸ್ವಲ್ಪ ದಿನ ಅದರ ಜೊತೆ ಇರಬೇಕಾಗಿತ್ತು. ತನ್ನೊಬ್ಬಳದೇ ಎಂದುಕೊಂಡದ್ದು ಆ ಸೋಮವಾರ ಬೆಳಿಗ್ಗೆ ಗೌರಿಬಿದನೂರಿನ ಒಂದು ಅಡಿಗೆಮನೆಯಲ್ಲಿ ಕಾಫಿಯ ಜೊತೆಗೆ ಹಂಚಿಕೆಯಾಗಿತ್ತು.

ಪಂಕಜಾ ಮೇಡಂ ಒಳ್ಳೆಯವರು. ಅದೇ ತೊಂದರೆ. ಗೌರಿಬಿದನೂರು ಕೇಂದ್ರ ಶುರುವಾದಾಗಿನಿಂದ ಇದ್ದಾರೆ, ಗಂಡ ಮೇಷ್ಟರು, ಹೆಡ್ಡಾಫೀಸಿಗೆ ಬಂದಾಗಲೆಲ್ಲ ಯಾಮಿನಿಗೆಂದು ಕೋಡುಬಳೆ ಕಟ್ಟಿಕೊಂಡು ಬರುತ್ತಾರೆ. ಫೋನ್ ಮಾಡಿದಾಗ, ಹೇಳು ಯಾಮಿನಿ, ತಿಂಡಿ ಆಯ್ತಾ ಎಂದರು. ಯಾಮಿನಿ ನೇರವಾಗಿ ಕೇಳಿದಳು. ಆ ಕಡೆಯ ದನಿಯಲ್ಲಿ ಗಾಬರಿಯೇನೂ ಇರಲಿಲ್ಲ. ಸುನೀಲನ ಚಿಕ್ಕಮ್ಮ ತಮ್ಮ ಪಕ್ಕದ ಮನೆಯವರು, ಬಂದು ಕೇಳಿದರು, ಒಂದೇ ಗೋಡೆಯವರಿಗೆ ಇಲ್ಲ ಅನ್ನುವುದು ಹೇಗೆ ಎಂದರು. ತಾವೊಬ್ಬರೇ ಅಲ್ಲ, ಚಿಂತಾಮಣಿಯಲ್ಲೂ ಶಿಡ್ಲಘಟ್ಟದಲ್ಲೂ ಕೇಳಿಕೊಂಡು ಬಂದವರಿಗೆ ನೋಡಿ ಹೇಳುತ್ತಾರೆ, ದುಡ್ಡು ಗಿಡ್ಡು ಯಾರೂ ಮುಟ್ಟುವುದಿಲ್ಲ ಎಂದು ಅಭಿಮಾನದಿಂದಲೇ ಹೇಳಿದರು.

‘ನೋಡು, ಹಿಂದೆ ನಮ್ಮತ್ತೆ ಕಾಲದಲ್ಲಿ ಸಂಬಂಧ ಮಾಡೋಕೆ ಮುಂಚೆ ಹೂವಿನೋಳನ್ನ ವಿಚಾರಿಸ್ತಿದ್ರು, ಬಳೆಗಾರನ್ನ ವಿಚಾರಿಸ್ತಿದ್ರು. ಈಗ ನಮ್ಮನ್ನ ವಿಚಾರಿಸ್ತಾರೆ. ಒಂದು ಹೆಣ್ಣು ಗೊತ್ತಿಲ್ಲದ ಮನೆಗೆ ಹೋಗಿ ಸಿಕ್ಕಾಕ್ಕೊಳೋದಕ್ಕಿಂತ ಇದು ಮೇಲಲ್ವೇನೇ? ನಿನ್ನ ಬಗ್ಗೆ ನಾನು ಕೆಟ್ಟದಾಗಿ ಹೇಳ್ತೀನಾ? ಹುಡುಗಿ ಬಂಗಾರ, ಇದೊಂದು ಬಿಟ್ರೆ, ಅಂತ ಹೇಳಿದೀನಿ.’

ಇದೊಂದು ಬಿಟ್ಟರೆ. ಯಾಮಿನಿ ಫೋನ್ ಇಟ್ಟಳು. ಕೆಳಗಿನಿಂದ ಯಾರದೋ ಮಗು ಸೂಜಿಗೆ ಹೆದರಿ ಕಿರುಚುವುದು ಕೇಳಿಸುತ್ತಿತ್ತು. ತಾನೂ ಹಾಗೆ ಬಾಯಿ ಬಿಟ್ಟು ಕಿರುಚುವುದಾದರೆ ಯಾರ ಹೆಸರು ಹಿಡಿದು ಕಿರುಚಬೇಕು ಎಂದು ತಿಳಿಯಲಿಲ್ಲ. ಕಳ್ಳನಾಗಿದ್ದರೆ ಬಯ್ಯಬಹುದಿತ್ತು. ಇವರು ಕದ್ದಿಲ್ಲ, ವಿಚಾರಿಸಿದ್ದಾರೆ. ಊರ ಹೆಣ್ಣುಮಕ್ಕಳ ಒಳಗನ್ನೆಲ್ಲ ಉಪಕಾರದ ಲೆಕ್ಕದಲ್ಲಿ ಬಗೆದು ನೋಡಿ, ಕೈ ತೊಳೆದುಕೊಂಡು, ತಿಂಡಿ ಆಯಿತಾ ಎಂದು ಕೇಳುತ್ತಿದ್ದಾರೆ. ಅವರಿಗೆ ಉಪಕಾರದ ಬೇಲಿಯಿದೆ, ನೆರೆಹೊರೆಯ ಬೇಲಿಯಿದೆ, ಅತ್ತೆಯ ಕಾಲದ ಬೇಲಿಯಿದೆ. ತನಗೇನಿದೆ? ಹಳದಿ ಬಣ್ಣದ ಒಂದು ಗುರುತು. ಹಾಗಾದರೆ ನಾನೂ ವಿಚಾರಿಸುತ್ತೇನೆ ಎಂದುಕೊಂಡಳು. ಬೆರಳು ಅಷ್ಟರಲ್ಲೇ ಕೀಲಿಮಣೆಯ ಮೇಲಿತ್ತು. ಕೇಂದ್ರದವರ ಹಾಗೆ ತಂತ್ರಾಂಶದ ಬಾಗಿಲಲ್ಲಿ ಹೋಗುವ ಅಗತ್ಯ ಅವಳಿಗಿರಲಿಲ್ಲ. ಇಡೀ ಡೇಟಾಬೇಸಿನ ಕೀಲಿಕೈ ಅವಳದು. ಸುನೀಲ್‌ಕುಮಾರ್, ಗೌರಿಬಿದನೂರು ಎಂದು ಹುಡುಕಿದಳು. ಏನಾದರೂ ಇರಬೇಕು. ಲಿವರ್ ಕೆಟ್ಟಿರಬೇಕು, ಸಕ್ಕರೆ ಇರಬೇಕು, ಹೆಸರು ಹೇಳಲು ನಾಚುವ ಯಾವುದಾದರೂ ಕಾಯಿಲೆ ಇರಬೇಕು. ಬ್ಯಾಂಕಿಗೆ ಸೇರುವಾಗ ಮಾಡಿಸಿದ್ದ ಪರೀಕ್ಷೆಗಳು ಬಂದವು, ಆಮೇಲಿನವು ಬಂದವು. ಎಲ್ಲ ಸರಿಯಾಗಿತ್ತು. ಸಾಲಿನಿಂದ ಸಾಲಿಗೆ ಕೆಟ್ಟದ್ದನ್ನು ಹುಡುಕುತ್ತ ಕೊನೆಯವರೆಗೂ ಹೋದಳು. ಅವನು ಆರೋಗ್ಯವಾಗಿದ್ದ.

ಅವರು ಹೆಣ್ಣು ನೋಡಲು ಬರುವ ಮುಂಚೆ ಅಮ್ಮ ಒಲೆಯ ಮುಂದೆ ನಿಂತು, ಅವರದೂ ನಿಮ್ಮ ಲ್ಯಾಬಲ್ಲೇ ತಾನೇ, ಒಸಿ ನೋಡಬಾರದಾ ಎಂದು ಅಂಜುತ್ತ ಕೇಳಿದ್ದಳು. ನಾಚಿಕೆಯಾಗಲ್ವಾ ನಿಂಗೆ ಎಂದು ಯಾಮಿನಿ ಕೂಗಾಡಿದ್ದಳು, ಅದು ಜನ ನಂಬಿ ಕೊಟ್ಟಿರೋದು, ನಾನು ಕಾಯೋಳು, ಎಂದೆಲ್ಲ. ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಆಯ್ತು ಬಿಡಮ್ಮ, ನಂಗೆ ಗೊತ್ತಾಗಲ್ಲ ಎಂದಿದ್ದಳು. ಅಮ್ಮನನ್ನು ಅಳಿಸಿ ಗೆದ್ದ ಆ ಮಾತು ಈಗ ಎಲ್ಲಿ ಹೋಯಿತು? ಪರದೆಯ ಮೇಲೆ ಅವನ ಹಿಮೋಗ್ಲೋಬಿನ್ ಇನ್ನೂ ತೆರೆದೇ ಇತ್ತು. ಮುಚ್ಚಿದಳು. ಮುಚ್ಚುವಷ್ಟರಲ್ಲಿ ಎಚ್ಚರಿಕೆಗಳ ಪುಟದಲ್ಲಿ ಹೊಸದೊಂದು ಸಾಲು ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ಇದು ಹಳದಿಯಲ್ಲ, ಕೆಂಪು. ಕೇಂದ್ರದವರು ಇರುವ ಬಾಗಿಲಿನಿಂದಲೇ ಹೋಗಿದ್ದರು. ಇವಳು ಬಾಗಿಲೇ ಇಲ್ಲದ ಕಡೆಯಿಂದ, ಕೀಲಿಕೈ ಇರುವವಳೇ, ನುಗ್ಗಿದ್ದಳು. ಯಂತ್ರಕ್ಕೆ ಅವಳು ಪಂಕಜಾ ಮೇಡಂಗಿಂತ ದೊಡ್ಡ ಅಪಾಯವಾಗಿ ಕಂಡಿದ್ದಳು. ಅದು ಸರಿಯಾಗಿಯೇ ಹೇಳುತ್ತಿದೆ ಎಂದು ಗೊತ್ತಾದಾಗ ಅವಳ ಕಿವಿ ಬಿಸಿಯಾಯಿತು. ಅದನ್ನು ಆನ್ ಮಾಡಿದವಳು ತಾನೇ, ಅದರ ಬಾಯಿಗೆ ಮೊದಲು ಕೆಂಪಾಗಿ ಬಿದ್ದವಳೂ ತಾನೇ.

ರಮೇಶ್‌ಬಾಬು ಕರೆಸಿಕೊಂಡರು. ಅವರು ಮೇಜಿನಾಚೆ ಕೂತು ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ ಸಮಾಧಾನ ಹೇಳುತ್ತಿದ್ದರು, ಪೋನೀಲೇ, ಪೋನೀಲೇ, ಹೋಗಲಿ ಬಿಡು ಅನ್ನುವ ಹಾಗೆ. ಆ ಕಡೆ ಇದ್ದದ್ದು ಪಂಕಜಾ ಮೇಡಂ ಇರಬೇಕು. ಗಡಿಯ ಕಡೆಯವರಾದ್ದರಿಂದ ಇಬ್ಬರೂ ಮನಸ್ಸಿನ ಮಾತಿಗೆ ತೆಲುಗಿಗೇ ಇಳಿಯುತ್ತಿದ್ದರು. ಫೋನ್ ಇಟ್ಟು ಕಾಫಿ ತರಿಸಿದರು. ಅಪ್ಪನ ಯೋಗಕ್ಷೇಮ ಕೇಳಿದರು. ಈ ಸಲ ದ್ರಾಕ್ಷಿಗೆ ರೇಟು ಹೇಗೆ ಎಂದು ಕೇಳಿದರು. ಆಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ಬೆಂಗಳೂರಿನ ಆಸ್ಪತ್ರೆಯವರು ಬರುತ್ತಾರೆ, ಆ ಎಚ್ಚರಿಕೆಗಳ ಪುಟವನ್ನೇ ಮೊದಲು ನೋಡುತ್ತಾರೆ, ಅದು ಖಾಲಿಯಿರಬೇಕು ಎಂದರು. ಎಚ್ಚರಿಕೆಗಳನ್ನೆಲ್ಲ ಒಟ್ಟಿಗೆ ಆಯ್ಕೆ ಮಾಡಿ ತೊಂದರೆಯಿಲ್ಲ ಎಂದು ಒತ್ತಿದರೆ ಹೋಗುತ್ತವಂತೆ, ಇನ್ನು ಮುಂದೆ ಇಂಥವು ಬಾರದ ಹಾಗೂ ಮಾಡಬಹುದಂತೆ, ಯಾರನ್ನೋ ಕೇಳಿ ತಿಳಿದುಕೊಂಡಿದ್ದರು.

‘ಇದನ್ನ ಹಾಕ್ಸಿದ್ದು ಹೊರಗಿನ ಕಳ್ಳರನ್ನ ಹಿಡಿಯಕ್ಕೆ ತಾನೇ, ಯಾಮಿನಮ್ಮ? ಮನೆಯೋರನ್ನ ಹಿಡಿಯಕ್ಕಾ?’

ನೋಡಿದ್ದು ತಪ್ಪು ಸಾರ್ ಎಂದಳು ಯಾಮಿನಿ. ಆ ಮಾತು ಬೇಡಿಕೊಂಡ ಹಾಗೆ ಕೇಳಿಸಿತು. ರಮೇಶ್‌ಬಾಬು ತಮ್ಮ ಫೋನನ್ನು ತಿರುಗಿಸಿ ಅವಳ ಕಡೆ ಇಟ್ಟರು. ಮೇಲಿನ ಸಾಲಿನಲ್ಲಿ ಕೆಂಪು. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೆ, ಆದರೆ ಬಣ್ಣ ಗೊತ್ತಿತ್ತು, ಹೆಸರು ಓದಲು ಬರುತ್ತಿತ್ತು.

‘ಅವ್ರದೆಲ್ಲ ಹಳದಿ. ನಿಂದೊಂದೇ ಕೆಂಪು. ನಾನು ಯಾಕೆ ಅಂತ ಕೇಳಿಲ್ಲ, ಕೇಳೋದೂ ಇಲ್ಲ. ನೀನು ಚೆನ್ನರಾಯಣ್ಣನ ಮಗಳು, ನಮ್ಮನೆ ಹುಡುಗಿ. ಎಲ್ಲಾ ಒಟ್ಟಿಗೆ ತೆಗೆದಾಕು. ಅವ್ರದೂ ಹೋಗುತ್ತೆ, ನಿಂದೂ ಹೋಗುತ್ತೆ. ಇಟ್ಕೊಂಡ್ಯೋ, ಬಂದೋರು ಮೊದಲು ಕೇಳೋದು ಈ ಕೆಂಪು ಯಾರದು ಅಂತ.’

ಮೃದುವಾಗಿಯೇ ಹೇಳಿದರು. ಕಾಫಿ ಆರುತ್ತೆ ಕುಡಿ ಎಂದರು. ಯಾಮಿನಿ ಕುಡಿದಳು. ಕುಡಿಯದೆ ಎದ್ದು ಬರಬೇಕಿತ್ತು ಎಂದು ಮೆಟ್ಟಿಲು ಹತ್ತುವಾಗ ಹೊಳೆಯಿತು. ಯಾವಾಗಲೂ ಹೀಗೆಯೇ. ಅವರು ಲೋಟ ಕೊಟ್ಟರೆ ಕುಡಿಯುವುದು, ಜಡೆ ಹಿಡಿದರೆ ಹಿಡಿಸಿಕೊಳ್ಳುವುದು, ಕೇಳಿದರೆ ಆಗುತ್ತೆ ಎನ್ನುವುದು, ಕಾಲು ನೋಡಿದರೆ ಎಳೆದುಕೊಳ್ಳುವುದು. ಮನೆ ಹುಡುಗಿ. ತನ್ನ ಮನೆಯಲ್ಲಿ ಒಳಗಿನದನ್ನು ಹೊರಗೆ ಹೇಳುವವರು ಯಾರೂ ಇಲ್ಲ, ಈ ಮನೆಯಲ್ಲಿ ಇದ್ದಾರೆ, ಆದರೂ ಇವಳು ಇವರ ಮನೆ ಹುಡುಗಿ.

ಕೋಣೆಯಲ್ಲಿ ಕೂತು ಎಚ್ಚರಿಕೆಗಳನ್ನೆಲ್ಲ ಆಯ್ಕೆ ಮಾಡಿದಳು. ತೊಂದರೆಯಿಲ್ಲ ಎನ್ನುವ ಗುಂಡಿ ಪಕ್ಕದಲ್ಲೇ ಇತ್ತು. ಒತ್ತಿದರೆ ಅವಳ ಕೆಲಸ ಉಳಿಯುತ್ತದೆ. ಸಿಟ್ಟಿನಲ್ಲಿ ಒಬ್ಬ ಗಂಡಸಿನ ರಕ್ತದಲ್ಲಿ ರೋಗ ಹುಡುಕಿದ ಹೆಂಗಸು ಅನ್ನುವುದು ಯಾರಿಗೂ ಗೊತ್ತಾಗದೆ ಉಳಿಯುತ್ತದೆ. ಒತ್ತದಿದ್ದರೆ ಕೆಲಸ ಹೋಗುತ್ತದೆ, ಅಪ್ಪನ ಕಿವಿಗೆ ಹೋಗುತ್ತದೆ, ಪಂಕಜಾ ಮೇಡಂ ಬಾಯಲ್ಲಿ ಅದು ಇನ್ನೊಂದು ಅಡಿಗೆಮನೆಗೆ ಹೋಗುತ್ತದೆ. ತನ್ನದೊಂದನ್ನು ಮಾತ್ರ ತೆಗೆದು ಉಳಿದವನ್ನು ಬಿಡಬಹುದು ಎಂಬ ಯೋಚನೆಯೂ ಬಂತು. ಅದು ಸುಲಭವಾಗಿತ್ತು, ಬಂದವರಿಗೆ ಅದು ಗೊತ್ತಾಗುವಂತಿರಲಿಲ್ಲ. ಗೊತ್ತಿದ್ದ ರಮೇಶ್‌ಬಾಬು ಬಾಯಿ ಮುಚ್ಚಿಕೊಂಡು ಇರುತ್ತಿದ್ದರು, ಯಾಕೆಂದರೆ ಆಮೇಲೆ ಅವಳೂ ಅವರ ಜೊತೆಯವಳೇ. ಆ ಸಾಲಿನ ಮೇಲೆ ಬಾಣದ ಗುರುತನ್ನು ತಂದು ನಿಲ್ಲಿಸಿಕೊಂಡು ಬಹಳ ಹೊತ್ತು ಕೂತಳು. ಹಾಗೆ ಮಾಡಿದರೆ ಪಂಕಜಾ ಮೇಡಂಗೂ ತನಗೂ ಏನು ವ್ಯತ್ಯಾಸ ಎಂದು ಕೇಳಿಕೊಳ್ಳಬಹುದಾಗಿತ್ತು, ಆದರೆ ಅವಳನ್ನು ತಡೆದದ್ದು ಅಂಥ ದೊಡ್ಡ ಪ್ರಶ್ನೆಯೇನಲ್ಲ. ಬಂಗಾರ, ಇದೊಂದು ಬಿಟ್ಟರೆ, ಎಂಬ ಮಾತು. ತನ್ನ ಸಾಲನ್ನು ತೆಗೆದರೆ ತಾನೂ ಅದನ್ನೇ ಹೇಳಿದ ಹಾಗಾಗುತ್ತಿತ್ತು. ನಾನು ಬಂಗಾರ, ಇದೊಂದು ಬಿಟ್ಟರೆ.

ಯಾವುದನ್ನೂ ತೆಗೆಯಲಿಲ್ಲ. ಆದರೆ ಆಸ್ಪತ್ರೆಯವರಿಗೆ ತೋರಿಸಿ ಏನಾಗುತ್ತದೆ? ಅವರು ಒಪ್ಪಂದ ಮುರಿದುಕೊಂಡು ಕಾರು ಹತ್ತುತ್ತಾರೆ. ಈ ಹೆಣ್ಣುಮಕ್ಕಳಿಗೆ ಜಾತಕ ಕೂಡಿಬರಲಿಲ್ಲ ಎನ್ನುವುದೇ ಕೊನೆಯ ಮಾತಾಗಿ ಉಳಿಯುತ್ತದೆ. ತನುಜ ಇನ್ನೂ ತನ್ನ ನಕ್ಷತ್ರವನ್ನೇ ಬಯ್ದುಕೊಂಡು ಸೋಮವಾರ ಉಪವಾಸ ಮಾಡುತ್ತಿದ್ದಾಳೆ. ಅವರಿಗೆ ಹೇಳಬೇಕು. ಯಾರದನ್ನು ನೋಡಿದರೋ ಅವರಿಗೇ ಹೇಳಬೇಕು. ವರದಿ ಸಿದ್ಧವಾದಾಗ ಎಲ್ಲರ ಮೊಬೈಲಿಗೆ ತಾನಾಗಿಯೇ ಒಂದು ಸಂದೇಶ ಹೋಗುತ್ತದೆ, ಆ ಏರ್ಪಾಟನ್ನು ಮಾಡಿದವಳು ಅವಳೇ. ಅದರಲ್ಲೇ ಹೊಸದಾಗಿ ಬರೆದಳು: ‘ನಮಸ್ಕಾರ. ನಿಮ್ಮ ಪರೀಕ್ಷಾ ವರದಿಯನ್ನು, ನಿಮ್ಮ ಚಿಕಿತ್ಸೆಗೆ ಸಂಬಂಧವಿಲ್ಲದೆ, ನಮ್ಮ ಸಿಬ್ಬಂದಿಯೊಬ್ಬರು ತೆರೆದು ನೋಡಿದ್ದಾರೆ.’ ಕೆಳಗೆ ನೋಡಿದವರ ಹೆಸರು, ಕೇಂದ್ರ, ದಿನ. ಕಳಿಸಲು ಹೋಗಿ ನಿಂತಳು. ಎಷ್ಟೋ ಹುಡುಗಿಯರ ಹೆಸರಿನ ಮುಂದೆ ಇರುವುದು ಅಪ್ಪನ ನಂಬರು, ಅಣ್ಣನ ನಂಬರು. ಯಾವ ವರದಿ, ಏನು ಪರೀಕ್ಷೆ, ಯಾಕೆ ಹೋಗಿದ್ದೆ ಎಂದು ಮನೆಯಲ್ಲಿ ಶುರುವಾದರೆ ಹುಡುಗಿಯ ಗತಿ? ಇನ್ನೇನು ತಾನೂ ಒಂದು ಉಪಕಾರ ಮಾಡಿಬಿಡುತ್ತಿದ್ದಳು. ಸ್ವಂತ ನಂಬರು ಎಂದು ಬರೆಸಿದವರಿಗೆ ಮಾತ್ರ ಹೋಗುವಂತೆ ಮಾಡಿದಳು. ಮಿಕ್ಕವರಿಗೆ ಎದುರಿಗೇ ಹೇಳಬೇಕು, ಹೇಗೆಂದು ಆಮೇಲೆ ನೋಡೋಣ. ಸ್ವಂತ ನಂಬರಿನವರಲ್ಲಿ ತನುಜ ಇದ್ದಳು, ಯಾಮಿನಿ ಇದ್ದಳು, ಸುನೀಲ್‌ಕುಮಾರ್ ಇದ್ದ. ಕಳಿಸಿದಳು. ಮೊದಲು ಅವಳ ಮೊಬೈಲೇ ಸದ್ದು ಮಾಡಿತು. ತಾನೇ ಬರೆದದ್ದನ್ನು ಬೇರೆಯವರು ಬರೆದ ಹಾಗೆ ಓದಿದಳು.

ಕೆಳಗಿಳಿದು ಬಂದಳು. ತನುಜಳಿಗೆ ತಾನೇ ಹೇಳಬೇಕೆಂದು ಬಂದದ್ದು, ಅಷ್ಟರಲ್ಲಿ ತನುಜ ಕೌಂಟರಿನ ಹಿಂದೆ ಮೊಬೈಲ್ ಹಿಡಿದು ಓದುತ್ತ ನಿಂತಿದ್ದಳು. ಮುಖ ಎತ್ತಲಿಲ್ಲ. ಹಾಲಿನಲ್ಲಿ ಎಲ್ಲರೂ ತಮ್ಮ ತಮ್ಮ ಟೋಕನ್ ಹಿಡಿದು ಕೂತಿದ್ದರು. ಯಾಮಿನಿಯ ಫೋನ್ ಬಡಿದುಕೊಂಡಿತು. ಆ ನಂಬರನ್ನು ಅವಳು ಉಳಿಸಿಕೊಂಡಿರಲಿಲ್ಲ, ಆದರೆ ಸ್ವಲ್ಪ ಹೊತ್ತಿನ ಹಿಂದೆ ಪರದೆಯ ಮೇಲೆ ನೋಡಿದ್ದಳು. ಎತ್ತಿದ ಕೂಡಲೇ ಸುನೀಲ್‌ಕುಮಾರ್ ಶುರು ಮಾಡಿದ. ಹಿತ್ತಿಲಿನಲ್ಲಿ ಮೆಲ್ಲಗೆ ಮಾತಾಡಿದ್ದ ಹುಡುಗನ ದನಿ ಅಲ್ಲ ಅದು. ಇದೇನು ಮೆಸೇಜು, ಇದೇನು ಹುಡುಗಾಟ, ನನ್ನ ರಿಪೋರ್ಟ್ ನೋಡಲು ನೀವು ಯಾರು, ಯಾರನ್ನು ಕೇಳಿ ನೋಡಿದಿರಿ, ಪೊಲೀಸಿಗೆ ಹೋಗುತ್ತೇನೆ. ಕಿವಿಯಿಂದ ಫೋನನ್ನು ದೂರ ಹಿಡಿದರೂ ಕೇಳಿಸುತ್ತಿತ್ತು. ಯಾಮಿನಿ ಅದನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲೆ ಇಟ್ಟಳು. ಹಾಲಿನಲ್ಲಿ ಒಂದಿಬ್ಬರು ತಿರುಗಿ ನೋಡಿದರು.

‘ತಪ್ಪು ಮಾಡಿದೆ. ನೋಡಬಾರದಿತ್ತು. ನಿಮ್ಮ ಚಿಕ್ಕಮ್ಮ ನಂದು ತೆಗೆಸಿ ನೋಡಿದ್ರಲ್ಲ, ಅದು?’

ಯಾವುದು, ಯಾವಾಗ ಎಂದು ಅವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು ಎಂದು ಅಷ್ಟರಿಂದಲೇ ಯಾಮಿನಿಗೆ ತಿಳಿಯಿತು. ಗೊತ್ತಿಲ್ಲದೆ ಇರಲಿ ಎಂದು ತಾನು ಈವರೆಗೂ ಆಸೆ ಇಟ್ಟುಕೊಂಡಿದ್ದೆ ಎಂಬುದೂ ತಿಳಿಯಿತು.

‘ಅದು ವಿಚಾರಿಸೋದು ಕಣ್ರೀ. ಸಂಬಂಧ ಅಂದ್ಮೇಲೆ ಎಲ್ರೂ ವಿಚಾರಿಸ್ತಾರೆ. ನೀವು ಮಾಡಿದ್ದು ಕಳ್ತನ.’

ಸದ್ದು ಕೇಳಿ ರಮೇಶ್‌ಬಾಬು ತಮ್ಮ ಕೋಣೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತಿದ್ದರು. ವಿಚಾರಿಸೋದು ಎಂಬ ಮಾತಿಗೆ ಅವರ ತಲೆ ತಾನಾಗಿಯೇ ಹೌದೆಂದು ಆಡಿತು. ಅದನ್ನು ನೋಡಿದ ಮೇಲೆ ಯಾಮಿನಿ ಫೋನಿನ ಸದ್ದನ್ನು ಇನ್ನಷ್ಟು ಏರಿಸಿದಳು.

‘ಏನಂದ್ರಿ? ಇಲ್ಲಿ ಜನ ಇದ್ದಾರೆ, ಸರಿಯಾಗಿ ಕೇಳಿಸ್ಲಿಲ್ಲ,’ ಎಂದಳು.

‘ಕಳ್ತನ ಅಂದೆ. ಇನ್ನೊಬ್ಬರ ರಿಪೋರ್ಟ್ ಹೇಳ್ದೆ ಕೇಳ್ದೆ ತೆಗೆದು ನೋಡೋದು ಕಳ್ತನ.’

ತಾನು ಗೆಲ್ಲುತ್ತಿದ್ದೇನೆಂದು ತಿಳಿದು ಅವನು ಜೋರಾಗಿಯೇ ಹೇಳಿದ. ಹಾಲಿನ ಕೊನೆಯ ಬೆಂಚಿನವರೆಗೂ ಕೇಳಿಸಿತು. ತಿಂಡಿಯ ಡಬ್ಬಿ ತೆರೆಯುತ್ತಿದ್ದವರು ಕೈ ತಡೆದರು. ರಮೇಶ್‌ಬಾಬು ಬೇಗ ಬೇಗ ಮುಂದೆ ಬಂದು, ಫೋನ್ ಆಫ್ ಮಾಡಮ್ಮ, ಒಳಗೆ ಬಾ, ಎಂದು ತಗ್ಗಿದ ದನಿಯಲ್ಲಿ ಹೇಳತೊಡಗಿದರು. ಅಷ್ಟರಲ್ಲಿ ತನುಜ ಮುಖ ಎತ್ತಿದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ಮೊಬೈಲನ್ನು ಅವರ ಮುಖದ ಮುಂದೆ ಹಿಡಿದಳು.

‘ನಂದೂ ತೆಗೆದು ನೋಡವ್ರೆ, ಸಾರ್.’

ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬಳು, ರಕ್ತ ತೆಗೆದ ಕಡೆ ಹತ್ತಿಯನ್ನು ಒತ್ತಿ ಹಿಡಿದುಕೊಂಡವಳು, ಇಲ್ಲಿ ರಕ್ತ ಕೊಟ್ಟರೆ ಅದು ಊರೆಲ್ಲ ತಿರುಗುತ್ತದೆಯೇ ಎಂದು ಪಕ್ಕದವಳನ್ನು ಕೇಳಿದಳು. ಮುದುಕಿ ಎದ್ದು ಕೌಂಟರಿಗೆ ಬಂದಳು.

‘ಯಾರಮ್ಮ ಕದ್ದೋರು?’

‘ನಾನೊಬ್ಳು,’ ಎಂದಳು ಯಾಮಿನಿ. ‘ಇನ್ನೂ ಸುಮಾರು ಜನ ಅವ್ರೆ. ಕೂತ್ಕಳಿ ಅಜ್ಜಿ, ಎಲ್ರ ಹೆಸರೂ ಹೇಳ್ತೀನಿ.’